ಸಹಾಯ ಬೇಕು: ಅಪ್ಪನ ಈ ಪತ್ರ 1992ರದೋ, 1995ರದೋ?

ಭೌತವಿಜ್ಞಾನಿಯಾಗಿದ್ದ ಅಪ್ಪ ತೀರಿಕೊಂಡ ಮೇಲೆ, ನಾವಿಬ್ಬರೂ ಬರೆದುಕೊಂಡ ಪತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸುತ್ತಿದ್ದೇನೆ. ಪ್ರಯೋಗದ ಪುಸ್ತಕದಲ್ಲಿ ನಿಮಿಷವನ್ನೂ ಬಿಡದೆ ದಾಖಲಿಸುತ್ತಿದ್ದವರು ಮಗನ ಪತ್ರಕ್ಕೆ ತಾರೀಖನ್ನೇ ಹಾಕುತ್ತಿರಲಿಲ್ಲ! ಲಕೋಟೆಗಳನ್ನು ನಾನೇ ಎಸೆದುಬಿಟ್ಟಿದ್ದೇನೆ, ಹಾಗಾಗಿ ಅಂಚೆ ಮುದ್ರೆಯೂ ಇಲ್ಲ.

ಒಳಗಿನ ಸುದ್ದಿಯ ಎಳೆ ಹಿಡಿದು ಹೆಚ್ಚಿನವುಗಳ ಕಾಲ ಪತ್ತೆ ಮಾಡಿದೆ. ಬರಿಗಣ್ಣಿಗೆ ಕಾಣುವ ಸೂಪರ್‌ನೋವಾ ಎಂದು ಕುಣಿದಾಡಿದ್ದು 1987ರದು. ಧೂಮಕೇತುವಿನ ಚೂರುಗಳು ಗುರುಗ್ರಹಕ್ಕೆ ಅಪ್ಪಳಿಸಿದ್ದು 1994ರ ಜುಲೈ. ಒಂದು ಪತ್ರ ಮಾತ್ರ ಬಗ್ಗುತ್ತಿಲ್ಲ. ನೀಲಿ ಶಾಯಿ, ಒಂದೇ ಹಾಳೆ: "ಬೇರೆ ಸೂರ್ಯನಿಗೂ ಗ್ರಹವಿದೆಯಂತೆ. ಈ ಸಲವಾದರೂ ಲೆಕ್ಕ ತಪ್ಪದಿರಲಿ. ನೀನು ನಿನ್ನ ದಾರಿಯಲ್ಲಿ ಹೋಗು, ನನ್ನ ಅಡ್ಡಿಯಿಲ್ಲ."

ಪಲ್ಸಾರ್ (ಸತ್ತ ನಕ್ಷತ್ರದ, ವೇಗವಾಗಿ ತಿರುಗುವ ಪುಟ್ಟ ಉಳಿಕೆ) ಒಂದರ ಸುತ್ತ ಎರಡು ಗ್ರಹಗಳಿವೆ ಎಂದು ಪ್ರಕಟವಾದದ್ದು 1992ರ ಜನವರಿಯಲ್ಲಿ. 1991ರಲ್ಲಿ ಘೋಷಿಸಿದ್ದ ಇನ್ನೊಂದು ಪಲ್ಸಾರಿನ ಗ್ರಹ ಲೆಕ್ಕದ ತಪ್ಪೆಂದು ಒಪ್ಪಿಕೊಂಡದ್ದೂ ಅದೇ ತಿಂಗಳು. "ಈ ಸಲವಾದರೂ" ಎಂಬುದು ಅದಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ನಮ್ಮ ಸೂರ್ಯನಂಥದೇ ನಕ್ಷತ್ರ 51 ಪೆಗಾಸಿಗೆ ಗ್ರಹ ಸಿಕ್ಕಿದ್ದು 1995ರ ಅಕ್ಟೋಬರಿನಲ್ಲಿ. ಕಾಗದ, ಶಾಯಿ ಹೋಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ.

ನಾನು ಸಂಶೋಧನೆ ಬಿಟ್ಟು, ಅವರಿಗೆ ಕಟುವಾಗಿ ಬರೆದದ್ದು 1993ರಲ್ಲಿ. ಅದಕ್ಕೆ ಅವರು ಉತ್ತರಿಸಲೇ ಇಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಖಗೋಳ ಬಲ್ಲವರು ದಯವಿಟ್ಟು ಹೇಳಿ: ಭೌತವಿಜ್ಞಾನಿಯೊಬ್ಬರು ಪಲ್ಸಾರನ್ನು, ಮಾತಿಗಾದರೂ, "ಸೂರ್ಯ" ಎಂದು ಕರೆಯುವುದುಂಟೇ? ಇಲ್ಲವಾದರೆ ಇದನ್ನು 1995ರ ಕಟ್ಟಿಗೆ ಸೇರಿಸಬಹುದೇ?