ನಡೆಯುವಾಗ ನಕ್ಕರೆ ಬೀಳುವ ರೋಬೋಟ್ (ಅರ್ಜೆಂಟ್, ಹಬ್ಬ ಹತ್ತಿರ ಬಂತು)

ಉಣಕಲ್_ಹುಡುಗ:
ತಲೆ ಕೆಟ್ಟು ಹೋಗಿದೆ. ನಮ್ಮ ಓಣಿಯ ಗಣಪತಿ ಮಂಟಪದ ಮುಂದೆ ಓಡಾಡಲಿ ಅಂತ ಒಂದು ಅಜ್ಜಿ ರೋಬೋಟ್ ಮಾಡಿದ್ದೇವೆ. ಎರಡು ಅಡಿ ಎತ್ತರ, ಸಿಲಿಕಾನ್ ಮುಖ. ಹುಬ್ಬು ಏರಿಸುತ್ತಾಳೆ, ಕಣ್ಣು ಮಿಟುಕಿಸುತ್ತಾಳೆ, ಕೆನ್ನೆ ಎಳೆದು ನಗುತ್ತಾಳೆ. ಸುಮ್ನೆ ನಡೆಸಿದರೆ ನಡೆಯುತ್ತಾಳೆ. ನಿಂತು ನಕ್ಕರೂ ತೊಂದರೆ ಇಲ್ಲ. ನಡೆಯುತ್ತಾ ನಗು ಅಂದರೆ ಧಡ್ ಅಂತ ಬೀಳುತ್ತಾಳೆ. ಮೂಗಿನ ಹತ್ತಿರ ಸಿಲಿಕಾನ್ ಹರಿದೂ ಆಯಿತು. ವಯರಿಂಗ್ ಎಲ್ಲ ಸರಿ ಇದೆ. ಬೇಗ ಹೇಳಿ ಯಾರಾದರೂ.

ಧಾರವಾಡ_ಬೆಸುಗೆ:
ಎಲ್ಲ ಸರಿ ಇದ್ದರೆ ಬೀಳೋದು ಯಾಕೆ ತಮ್ಮಾ? ಬೋರ್ಡ್ ಯಾವುದು, ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್) ಎಷ್ಟು, ಬ್ಯಾಟರಿ ಯಾವುದು?

ಉಣಕಲ್_ಹುಡುಗ:
ಮಾಮೂಲಿನದೇ ಸರ. ಇಎಸ್‌ಪಿ32. ಕಾಲಿಗೆ 10 ಎಂಜಿ996ಆರ್, ಮುಖಕ್ಕೆ 9 ಎಂಜಿ90ಎಸ್ ಸರ್ವೋ. ಸರ್ವೋಗಳಿಗೆ ಸಿಗ್ನಲ್ ಕೊಡುವ ಪಿಸಿಎ9685 ಎರಡು. 2ಎಸ್ ಲಿಪೋ (ಎರಡು ಸೆಲ್‌ನ) ಬ್ಯಾಟರಿ.

ಬ್ಯಾಡಗಿ_ಖಾರ:
ಕರೆಂಟ್ ಸಾಲುತ್ತಿಲ್ಲ. ಮುಗೀತು. ಎಂಜಿ996ಆರ್ ಜಾಮ್ ಆದರೆ 6 ವೋಲ್ಟ್‌ನಲ್ಲಿ ಒಂದೊಂದು 2.5 ಆಂಪ್ ಎಳೆಯುತ್ತದೆ. ಹತ್ತಕ್ಕೆ 25. ಎಲ್‌ಎಂ2596 ಬಕ್ (ವೋಲ್ಟೇಜ್ ಇಳಿಸುವ ಕನ್ವರ್ಟರ್) ಹಾಕಿದ್ದೀರಾ? ಅದರ ಮಿತಿಯೇ 3 ಆಂಪ್.

ಉಣಕಲ್_ಹುಡುಗ:
ಇಲ್ರಿ, ಕಾಲಿಗೆ 20 ಆಂಪ್‌ನದು, ಮುಖಕ್ಕೆ ಬೇರೆ 5 ಆಂಪ್‌ನದು.

ಬ್ಯಾಡಗಿ_ಖಾರ:
20 ಅಂತ ಬರೆದಿರುತ್ತಾರೆ, ಬರೋದು ಅರ್ಧ. ಕೆಪಾಸಿಟರ್ ಹಾಕಿ.

ಉಣಕಲ್_ಹುಡುಗ:
1000 ಮೈಕ್ರೋಫ್ಯಾರಡ್‌ನವು ಎರಡು ಹಾಕಿದೆ. ಬಿದ್ದಳು.

ಬ್ಯಾಡಗಿ_ಖಾರ:
4700 ಹಾಕಿ.

ದುರ್ಗದಬೈಲ್_ಮಂಡಳಿ:
ಇಷ್ಟೆಲ್ಲ ಯಾಕ್ರಿ? ನಮ್ಮ ಮಂಡಳಿಯ ಆನೆ ಒಂದು ಹಳೆ ಲಾರಿ ವೈಪರ್ ಮೋಟರ್ ಮೇಲೆ ಹಬ್ಬ ಪೂರ್ತಿ ಸೊಂಡಿಲು ಎತ್ತಿ ಹಾರ ಹಾಕಿತು. ಕೋಡ್ ಇಲ್ಲ, ಗೀಡ್ ಇಲ್ಲ. ಫೋಟೋ ಬೇಕಾದರೆ ಹಾಕುತ್ತೇನೆ.

ಧಾರವಾಡ_ಬೆಸುಗೆ:
ಆನೆ ನಡೆಯಲಿಲ್ಲವಲ್ಲ ಸರ. ಮುಖ, ನಡಿಗೆ ಎರಡನ್ನೂ ಕೂಡಿಸುವುದು ದೊಡ್ಡವರಿಗೂ ಕಷ್ಟ. ಹೋಂಡಾದ ಅಸಿಮೊ ನಡೆಯುತ್ತಿತ್ತು, ಮುಖದ ಜಾಗದಲ್ಲಿ ಹೆಲ್ಮೆಟ್. ಅಮೆಕಾ ಅನ್ನುವ ರೋಬೋಟ್ ಚಂದ ನಗುತ್ತದೆ, ನಡೆಯುವುದಿಲ್ಲ. ಎರಡೂ ಮಾಡಿದ್ದಕ್ಕೆ ಉದಾಹರಣೆ ಅಂದರೆ ಜಪಾನಿನ ಎಐಎಸ್‌ಟಿ ಸಂಶೋಧನಾ ಸಂಸ್ಥೆಯವರ ಎಚ್‌ಆರ್‌ಪಿ-4ಸಿ, 2009ರದು. 158 ಸೆಂ.ಮೀ., 43 ಕೆಜಿ. ಮೈಗೆ 30 ಮೋಟರ್, ಮುಖಕ್ಕೆ 8.

ಬ್ಯಾಡಗಿ_ಖಾರ:
ಸೋಫಿಯಾ ರೋಬೋಟ್ ಮರೆತಿರಾ? 2018ರಲ್ಲಿ ನಡೆದಳು.

ಧಾರವಾಡ_ಬೆಸುಗೆ:
ಆ ಕಾಲು ಕೊರಿಯಾದ ಹ್ಯೂಬೊ ಅನ್ನುವ ರೋಬೋಟಿನದು. ಎರವಲು ಕಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬ್ಯಾಡಗಿ_ಖಾರ:
ನೀವು ಸರ್ವೋ ಮನೆಯಲ್ಲೇ ಮಾಡುತ್ತೀರೇನು?

ಗದಗ_ಗಾಳಿಯಂತ್ರ:
ಒಂದು ಪ್ರಶ್ನೆ. ಬಿದ್ದ ಮೇಲೆ ಅಜ್ಜಿ ಏನು ಮಾಡುತ್ತಾಳೆ?

ಉಣಕಲ್_ಹುಡುಗ:
ನೆಲದ ಮೇಲೆ ಬಿದ್ದುಕೊಂಡು ನಗು ಪೂರ್ತಿ ಮಾಡುತ್ತಾಳೆ. ಅದಕ್ಕೇ ಜಾಸ್ತಿ ಹೊಟ್ಟೆ ಉರಿಯೋದು.

ಗದಗ_ಗಾಳಿಯಂತ್ರ:
ಬೋರ್ಡ್ ರಿಸೆಟ್ ಆಗಿಲ್ಲ ಅಂತಾಯಿತು. ಕರೆಂಟ್ ಸಾಲದಿದ್ದರೆ ಆಗಬೇಕಿತ್ತು.

ಬ್ಯಾಡಗಿ_ಖಾರ:
ಬೋರ್ಡ್‌ಗೆ ಬೇರೆ ಸಪ್ಲೈ ಇದ್ದರೆ ಅದು ಯಾಕೆ ರಿಸೆಟ್ ಆಗುತ್ತದೆ? ಕಾಲಿನ ವೋಲ್ಟೇಜ್ ಕುಸಿದಿರಬಹುದು ಅಲ್ವಾ?

ಗದಗ_ಗಾಳಿಯಂತ್ರ:
ಮಾತು ಸರಿ. ಹಾಗಾದರೆ ಹೀಗೆ ಮಾಡಿ. ಮುಖದ ಸರ್ವೋಗಳ ಪವರ್ ಮಾತ್ರ ಕಿತ್ತಿಡಿ. ಕೋಡ್ ಮುಟ್ಟಬೇಡಿ. ನಡೆಸಿ, ನಗು ಅನ್ನಿ. ಆಗಲೂ ಬಿದ್ದರೆ ಅದು ಕರೆಂಟ್ ಅಲ್ಲ. ಬಂದಿದ್ದು ಕೋಡ್‌ನಿಂದ.

ಉಣಕಲ್_ಹುಡುಗ:
ಬಿದ್ದಳು! ಮುಖ ಅಲುಗಾಡಲೇ ಇಲ್ಲ, ಆದರೂ ಬಿದ್ದಳು.

ಗದಗ_ಗಾಳಿಯಂತ್ರ:
ನಗುವ ಫಂಕ್ಷನ್ ಹೇಗೆ ಬರೆದಿದ್ದೀರಿ? ಬ್ಯಾಲೆನ್ಸ್‌ಗೆ ಏನು ಇಟ್ಟಿದ್ದೀರಿ?

ಉಣಕಲ್_ಹುಡುಗ:
ವಾಲುವುದನ್ನು ಅಳೆಯುವ ಎಂಪಿಯು6050 ಜೈರೋ ಇದೆ, ಅದು ಇದ್ದೇ ಇರುತ್ತಲ್ಲ ಸರ. ಮೇನ್ ಲೂಪ್‌ನಲ್ಲೇ ಓದುತ್ತೇನೆ. ನಗು ಅಂದರೆ ಒಂದು ಫಾರ್ ಲೂಪ್, 40 ಸಲ, ಪ್ರತಿ ಸಲ 15 ಮಿಲಿಸೆಕೆಂಡ್ ಡಿಲೇ. ಇಲ್ಲದಿದ್ದರೆ ನಗು ಒಮ್ಮೆಲೇ ಜಗ್ಗಿದಂತೆ ಕಾಣುತ್ತದೆ.

ಗದಗ_ಗಾಳಿಯಂತ್ರ:
ಅಲ್ಲೇ ಇದೆ. 40 ಗುಣಿಸು 15, 600 ಮಿಲಿಸೆಕೆಂಡ್. ಡಿಲೇ ಇದ್ದಷ್ಟು ಹೊತ್ತು ಮೇನ್ ಲೂಪ್ ನಿಂತೇ ಇರುತ್ತದೆ, ಜೈರೋ ಓದುವವರಿಲ್ಲ, ಎತ್ತಿದ ಕಾಲು ಇಳಿಸುವವರೂ ಇಲ್ಲ. ಅಜ್ಜಿ ಒಂಟಿ ಕಾಲಲ್ಲಿ ನಿಂತು ನಗುತ್ತಾಳೆ, ವಾಲುತ್ತಾಳೆ, ಬೀಳುತ್ತಾಳೆ. ಡಿಲೇ ಎಲ್ಲ ತೆಗೆಯಿರಿ. ಲೂಪ್ ತಿರುಗಿದಾಗಲೆಲ್ಲ ಮಿಲ್ಲಿಸ್ (ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಹೇಳುವ ಫಂಕ್ಷನ್) ನೋಡಿ, 15 ಕಳೆದಿದ್ದರೆ ಕೆನ್ನೆಯನ್ನು ಒಂದು ಮೆಟ್ಟಿಲು ಸರಿಸಿ, ತಕ್ಷಣ ಕಾಲಿನ ಕೆಲಸಕ್ಕೆ ವಾಪಸ್ ಬನ್ನಿ.

ಬ್ಯಾಡಗಿ_ಖಾರ:
ಇಎಸ್‌ಪಿ32ರಲ್ಲಿ ಎರಡು ಕೋರ್ (ಒಟ್ಟಿಗೆ ಕೆಲಸ ಮಾಡುವ ಪ್ರೊಸೆಸರ್) ಇವೆ. ಮುಖವನ್ನು ಇನ್ನೊಂದು ಕೋರ್‌ಗೆ ತಳ್ಳಿದರೆ ಡಿಲೇ ಇದ್ದರೂ ನಡೆಯುತ್ತದೆ.

ಧಾರವಾಡ_ಬೆಸುಗೆ:
ಮುಖ, ಕಾಲು ಎರಡರ ಪಿಸಿಎ9685ಗಳೂ ಒಂದೇ ಐ2ಸಿ ತಂತಿ (ಬೋರ್ಡ್ ಬೇರೆ ಚಿಪ್‌ಗಳ ಜೊತೆ ಮಾತಾಡುವ ತಂತಿ) ಮೇಲೆ ಕೂತಿವೆ. ಒಂದೇ ಹೊತ್ತಿಗೆ ಮಾತಾಡಿದರೆ ಜಗಳ. ಕೋರ್ ಬೇರೆ ಮಾಡುವುದಾದರೆ ಮುಖವನ್ನು ಎರಡನೇ ಐ2ಸಿ ಪೋರ್ಟ್‌ಗೆ ಹಾಕಿ.

ಉಣಕಲ್_ಹುಡುಗ:
ಮಿಲ್ಲಿಸ್ ಹಾಕಿದೆ. ನಗುತ್ತಾ ಅಂಗಳದ ಆ ತುದಿಗೆ ಹೋದಳು! ಆದರೆ ಈಗ ನಡೆಯುತ್ತಾ ಪಕ್ಕಕ್ಕೆ ತಿರುಗಿ ನೋಡಿದರೆ ಬೀಳುತ್ತಾಳೆ. ಇದರಲ್ಲಿ ಡಿಲೇ ಇಲ್ಲ.

ಗದಗ_ಗಾಳಿಯಂತ್ರ:
ತಲೆ ಎಷ್ಟು ತೂಕ?

ಉಣಕಲ್_ಹುಡುಗ:
850 ಗ್ರಾಂ. ಒಟ್ಟು 2.6 ಕೆಜಿ.

ಗದಗ_ಗಾಳಿಯಂತ್ರ:
ಮೂರರಲ್ಲೊಂದು ಪಾಲು ತಲೆಯೇ! ಸಿಲಿಕಾನ್, ಸರ್ವೋ ಎಲ್ಲ ಕುತ್ತಿಗೆಯ ಮುಂದೆ ಇರುತ್ತವೆ. ತಲೆ ತಿರುಗಿದರೆ ಆ ತೂಕವೂ ಪಕ್ಕಕ್ಕೆ ಹೋಗುತ್ತದೆ. ಮುಖದ ಬಕ್ ಕನ್ವರ್ಟರ್ ಅನ್ನು ತಲೆಯ ಹಿಂಭಾಗಕ್ಕೆ ಸರಿಸಿ ನೋಡಿ. ಅಲ್ಲಿಯವರೆಗೆ ಎರಡೂ ಪಾದ ನೆಲದ ಮೇಲಿದ್ದಾಗ ಮಾತ್ರ ತಲೆ ತಿರುಗಿಸಿ.

ಬ್ಯಾಡಗಿ_ಖಾರ:
4700 ಹಾಕಿದಿರಾ ಇಲ್ಲವಾ?

ದುರ್ಗದಬೈಲ್_ಮಂಡಳಿ:
ಆ ಮುಖದ ಸಿಲಿಕಾನ್ ಯಾವುದು? ಈ ಸಲ ಸೊಂಡಿಲಿಗೆ ಹಾಕೋಣ ಅಂತ.

ಉಣಕಲ್_ಹುಡುಗ:
ಪ್ಲಾಟಿನಂ ಕ್ಯೂರ್ (ಪ್ಲಾಟಿನಂ ಸಹಾಯದಿಂದ ಗಟ್ಟಿಯಾಗುವಂಥದ್ದು) ತಗೊಳ್ಳಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಮುಟ್ಟಬೇಡಿ, ಅದರ ಗಂಧಕ ತಾಗಿದರೆ ಗಟ್ಟಿಯಾಗುವುದಿಲ್ಲ. ವಿನೈಲ್ ಗ್ಲೌಸ್ ನಡೆಯುತ್ತದೆ.