ಬಿಪಿ, ಪ್ರಾಸ್ಟೇಟ್ ಎರಡೂ ಇರುವ ಅಪ್ಪನಿಗೆ ಮೂಗು ಕಟ್ಟಿದೆ, ಯಾವ ಮಾತ್ರೆ ಕೊಡಬಹುದು?

ಸಾಗರದ ಮಗಳು:
ಅಪ್ಪನಿಗೆ 68. ಬಿಪಿಗೆ ಅಮ್ಲೋಡಿಪಿನ್, ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಸಲೀಸಾಗಿ ಹೋಗಲ್ಲ, ಅದಕ್ಕೆ ರಾತ್ರಿ ಟ್ಯಾಮ್ಸುಲೋಸಿನ್. ತೋಟದಲ್ಲಿ ಕೊಳೆರೋಗದ ಔಷಧಿ ಹೊಡೆಸ್ತಾ ನೆನೆದು ಬಂದ್ರು, ಈಗ ಮೂಗು ಪೂರ್ತಿ ಬಂದ್. ರಾತ್ರಿ ಕೂತೇ ನಿದ್ದೆ. ಮೆಡಿಕಲ್‌ನಲ್ಲಿ ಶೀತಕ್ಕೆ ಅಂತ ಒಂದು ಮಾತ್ರೆ ಕೊಟ್ರು. ಹಿಂದೆ ಸಣ್ಣಕ್ಷರದಲ್ಲಿ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್ ಅಂತಿದೆ. "ಶೀತಕ್ಕೆಲ್ಲ ಡಾಕ್ಟ್ರಾ?" ಅಂತ ಅಪ್ಪ ನಗ್ತಾರೆ. ಕೊಡಬಹುದಾ?

ಕೌಂಟರ್ ಹಿಂದಿನವ (ಫಾರ್ಮಸಿಸ್ಟ್, ದಾವಣಗೆರೆ):
ಅದನ್ನ ಪಕ್ಕಕ್ಕಿಡಿ ಮೇಡಂ. ಫಿನೈಲೆಫ್ರಿನ್ ರಕ್ತನಾಳ ಬಿಗಿ ಮಾಡಿ ಮೂಗಿನ ಊತ ಇಳಿಸಬೇಕು ಅನ್ನೋದು ಲೆಕ್ಕ. ನುಂಗಿದ್ದು ಮೂಗಿಗಷ್ಟೇ ಹೋಗಲ್ವಲ್ಲ. ಬಿಪಿ ಏರಿಸಬಹುದು, ಮೂತ್ರಕೋಶದ ಬಾಯಿಯ ಸ್ನಾಯುವನ್ನೂ ಬಿಗಿಸಬಹುದು. ಟ್ಯಾಮ್ಸುಲೋಸಿನ್ ಸಡಿಲ ಮಾಡೋದು ಅದೇ ಸ್ನಾಯುವನ್ನ! ಒಂದು ಕೈಲಿ ಬಾಗಿಲು ತೆಗೆದು ಇನ್ನೊಂದು ಕೈಲಿ ಅಗುಳಿ ಹಾಕಿದ ಹಾಗೆ. ಕ್ಲೋರ್‌ಫೆನಿರಮಿನ್ ಮೂತ್ರಕೋಶ ಹಿಂಡೋ ಬಲವನ್ನ ಕುಗ್ಗಿಸುತ್ತೆ, ಮೇಲೆ ತೂಕಡಿಕೆ ಬೇರೆ.

ಇಷ್ಟಾಗಿ, ನುಂಗೋ ಫಿನೈಲೆಫ್ರಿನ್‌ನಿಂದ ಮೂಗು ಬಿಡೋದೇ ಇಲ್ಲ ಅಂತ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಒಮ್ಮತದಿಂದ ಹೇಳಿತು. ನಮ್ಮಲ್ಲಿ ಶೀತ ಅಂದ ಕೂಡಲೇ ಕೈ ಹೋಗೋದು ಇನ್ನೂ ಆ ಡಬ್ಬಕ್ಕೇ.

ಬರೀ ಸಲೈನ್ ಸ್ಪ್ರೇ ತಗೊಳ್ಳಿ, ಉಪ್ಪುನೀರು ಅಷ್ಟೆ. ಮೈಕೈ ನೋವಿದ್ರೆ ಸಾದಾ ಪ್ಯಾರಾಸಿಟಮಾಲ್. ನೀರಲ್ಲಿ ಬುರುಬುರು ಕರಗೋದು ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ.

ಹಳೇ ಬೇರು:
ನನಗೂ ಪ್ರಾಸ್ಟೇಟ್ ಇದೆ. ಯಾವ ಅಂಗಡಿಗೆ ಹೋದ್ರೂ ಮೊದಲು ಅದನ್ನೇ ಹೇಳ್ತೀನಿ, ನಾಚಿಕೆ ಬಿಟ್ಟು. ನಿಮ್ಮ ಅಪ್ಪ ಹೇಳಿರಲ್ಲ ಬಿಡಿ. ಅಂದಹಾಗೆ, ಮೂಗಿಗೆ ಹಾಕೋ ಹನಿ ಆಗಲ್ವಾ ಸರ್?

ಕೌಂಟರ್ ಹಿಂದಿನವ:
ಝೈಲೋಮೆಟಾಜೊಲಿನ್, ಆಕ್ಸಿಮೆಟಾಜೊಲಿನ್ ಹನಿಗಳು ರಕ್ತಕ್ಕೆ ಸೇರೋದು ಕಡಿಮೆ. ಆದ್ರೂ ಫಿನೈಲೆಫ್ರಿನ್ ಥರಾನೇ ರಕ್ತನಾಳ ಬಿಗಿ ಮಾಡೋ ಔಷಧಿ, ಬಿಪಿ ನೋಡಿ ಡಾಕ್ಟ್ರು ಹೂಂ ಅಂದ್ರೆ ಮಾತ್ರ. ಅದೂ 3 ದಿನ, ಹೆಚ್ಚೆಂದ್ರೆ 5. ಅದನ್ನ ದಾಟಿದ್ರೆ ಹನಿ ನಿಲ್ಲಿಸಿದ ಕೂಡಲೇ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತೆ. ವರ್ಷಗಟ್ಟಲೆ ಹನಿ ಬಿಡೋಕಾಗದ ಗಿರಾಕಿಗಳು ನಮ್ಮಂಗಡಿಗೇ ಬರ್ತಾರೆ.

ಸಾಗರದ ಮಗಳು:
ಅಯ್ಯೋ, ಬೆಳಿಗ್ಗೆಯೇ ಒಂದು ನುಂಗಿದ್ದಾರಂತೆ! ಅಮ್ಮ ಈಗ ಹೇಳ್ತಿದ್ದಾರೆ.

ಕೌಂಟರ್ ಹಿಂದಿನವ:
ಗಾಬರಿ ಬೇಡ, ಎರಡನೇದು ಕೊಡಬೇಡಿ. ಪ್ರಾಸ್ಟೇಟ್ ನೋಡೋ ಡಾಕ್ಟ್ರಿಗೆ ಈಗಲೇ ಫೋನ್ ಮಾಡಿ ತಿಳಿಸಿ. ಮನೇಲಿ ಮಿಷನ್ ಇದ್ರೆ ಬಿಪಿ ನೋಡಿ. ಮೂತ್ರ ಸರಿಯಾಗಿ ಹೋಗ್ತಿದೆಯಾ ಅಂತ ಅಮ್ಮನ ಕೈಲೇ ಕೇಳಿಸಿ, ನಿಮಗೆ ಹೇಳಲ್ಲ ಅವರು. ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಉಬ್ಬಿ ನೋವು ಬಂದ್ರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಹೋಗುವಾಗ ಆ ಮಾತ್ರೆ ಕವರ್ ಜೊತೆಗಿರಲಿ.