ಸೀನಿಯರ್ ಸರಪಳಿ ಬಿಡುವುದಿಲ್ಲ, ನಾನು ರೋವರ್ ಬಿಡುವುದಿಲ್ಲ. ಏನು ಮಾಡಲಿ?

ರೋವರ್ ಹುಡುಗ:
ಸರ್ವೆ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ವಯಸ್ಸು 26. ಯಾವ ತಾಲೂಕು ಅಂತ ಕೇಳಬೇಡಿ. ನನ್ನ ಜೊತೆ ಬರುವ ಸೀನಿಯರ್‌ಗೆ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದೆ. ಒಳ್ಳೆಯ ಮನುಷ್ಯ, ನಾನು ಡಬ್ಬಿ ತರದ ದಿನ ಅರ್ಧ ಊಟ ನನಗೇ ಹಾಕುತ್ತಾರೆ. ಆದರೆ ಹೊಲಕ್ಕೆ ಇಳಿದರೆ ಮುಗಿಯಿತು, ಬೇರೆ ಮನುಷ್ಯನೇ ಆಗಿಬಿಡುತ್ತಾರೆ.

ಕಳೆದ ವಾರ ಒಂದು ಹದ್ದುಬಸ್ತು, ಅಂದರೆ ಜಮೀನಿನ ಗಡಿ ಗುರುತಿಸುವ ಕೆಲಸ ಇತ್ತು. ಗಡಿಯ ಎರಡು ಬಾಂದು ಕಲ್ಲಿನ ನಡುವೆ ರೋವರ್‌ನಲ್ಲಿ (ಉಪಗ್ರಹದ ಸಿಗ್ನಲ್ ಹಿಡಿದು ಅಳೆಯುವ, ಕೋಲಿನ ಮೇಲಿನ ಯಂತ್ರ) ನೋಡಿದರೆ 63.40 ಮೀಟರ್ ಬಂತು, ಅಂದರೆ 208 ಅಡಿ. ಹಳೆ ಸರ್ವೆಯ ಅಳತೆ ಬರೆದಿಟ್ಟ ಟಿಪ್ಪಣಿಯಲ್ಲಿ ಇರುವುದು 6 ಸರಪಳಿ 4 ಆಣೆ, ಅದು 206 ಅಡಿ 3 ಇಂಚು. ‘ಕಲ್ಲು ಸರಿದಿದೆ ಸರ್’ ಅಂದೆ. ಅಕ್ಕಪಕ್ಕದ ಹಿಡುವಳಿದಾರರೆಲ್ಲ ನಿಂತಿದ್ದಾರೆ, ಅವರ ಮುಂದೆಯೇ ‘ನಿನ್ನ ಕೋಲು ಎತ್ತಿಡು, ಸರಪಳಿ ತಾ’ ಅಂದರು. ಎಲ್ಲರೂ ನಕ್ಕರು. ಸೆಂಟಿಮೀಟರ್ ಲೆಕ್ಕದಲ್ಲಿ ತೋರಿಸುವ ಯಂತ್ರ ಇಟ್ಟುಕೊಂಡು ಕಬ್ಬಿಣದ ಸರಪಳಿ ಎಳೆಯಬೇಕಾ? ಕಚೇರಿಗೆ ಬಂದ ಮೇಲೆ ನಕ್ಷೆ ಮಾಡುವುದು, ಇಲಾಖೆಯ ಮೋಜಿಣಿ ತಂತ್ರಾಂಶದಲ್ಲಿ ಅಪ್‌ಲೋಡ್ ಮಾಡುವುದು ಮಾತ್ರ ನನ್ನ ಪಾಲು, ಅವರ ಪಾಸ್‌ವರ್ಡ್ ಕೂಡ ನನಗೇ ಗೊತ್ತು. ಬೇರೆ ಕಡೆಗೆ ಹಾಕಿ ಅಂತ ಕೇಳಿಬಿಡಲಾ ಅನ್ನಿಸುತ್ತಿದೆ.

ಹಳೇ ಸರಪಳಿ:
ತಮ್ಮಾ, ನಾನು ಇದೇ ಕೆಲಸ ಮಾಡಿ ರಿಟೈರ್ ಆದವನು. ನಿನ್ನ ಯಂತ್ರ ಸುಳ್ಳು ಹೇಳಿಲ್ಲ, ನೀನು ಓದಿದ್ದು ತಪ್ಪು. ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಆಣೆ ಅಂದರೆ 2 ಅಡಿ ಮುಕ್ಕಾಲು ಇಂಚು. ನಿನಗೆ ಬಂದ ವ್ಯತ್ಯಾಸ 1 ಅಡಿ 9 ಇಂಚು, ಒಂದು ಆಣೆಯೂ ಆಗಲಿಲ್ಲ! ಆಣೆಗಿಂತ ಸಣ್ಣದನ್ನು ಬರೆದೇ ಇಲ್ಲದ ಟಿಪ್ಪಣಿಯ ಪಕ್ಕ ಸೆಂಟಿಮೀಟರ್ ಇಟ್ಟು ಕಲ್ಲು ಸರಿದಿದೆ ಅಂದರೆ ಹೇಗೆ? ಇನ್ನೊಂದು, ಸರಪಳಿ ಎಳೆದೆಳೆದು ಕೊಂಡಿ ಹಿಗ್ಗಿ ಉದ್ದ ಆಗಿರುತ್ತದೆ, ಉದ್ದವಾದ ಸರಪಳಿಯಲ್ಲಿ ಅಳೆದರೆ ಅಳತೆ ಕಡಿಮೆ ಬರುತ್ತದೆ. ಅವತ್ತು ಅಳೆದವನ ಸರಪಳಿ ಹಾಗಿತ್ತೋ ಏನೋ. ನಿನ್ನ ಸೀನಿಯರ್‌ಗೆ ಇದೆಲ್ಲ ಗೊತ್ತಿರುತ್ತದೆ, ಬಿಡಿಸಿ ಹೇಳಲು ಬರುವುದಿಲ್ಲ ಅಷ್ಟೇ. ನಮಗೂ ಯಾರೂ ಬಿಡಿಸಿ ಹೇಳಲಿಲ್ಲ, ಬೈಸಿಕೊಂಡೇ ಕಲಿತೆವು.

ಆದರೆ ಜನರ ಮುಂದೆ ಹಾಗೆ ಅಂದಿದ್ದು ತಪ್ಪು, ಅದರಲ್ಲಿ ನಾನು ಅವರ ಪರ ಇಲ್ಲ. ಸ್ವಲ್ಪ ಭಯವೂ ಇರುತ್ತದೆ ಕಣಪ್ಪಾ. ಪಹಣಿ ಗಣಕೀಕರಣದ ‘ಭೂಮಿ’ ಯೋಜನೆ ಬಂದು ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದಾಗ, ಚೆಂದದ ಅಕ್ಷರದಲ್ಲಿ ಪಹಣಿ ಬರೆದುಕೊಡುತ್ತಿದ್ದವರು ಸುಮ್ನೆ ಕುರ್ಚಿಯಲ್ಲಿ ಕೂತಿದ್ದನ್ನು ನಾನು ನೋಡಿದ್ದೇನೆ.

ಪೋಡಿ ಅಕ್ಕ:
ಹಿರಿಯರೇ, ಆಣೆ ಲೆಕ್ಕ ಒಪ್ಪಿದೆ, ನನಗೂ ಇಷ್ಟು ಸರಿಯಾಗಿ ಗೊತ್ತಿರಲಿಲ್ಲ. ಭಯದ ಮಾತು ಅರ್ಧ ಮಾತ್ರ ಒಪ್ಪುತ್ತೇನೆ. ಭಯ ಅಂತ ಹೇಳಿಕೊಂಡು ಕಂಪ್ಯೂಟರ್ ಕೆಲಸವೆಲ್ಲ ಚಿಕ್ಕವರ ತಲೆಗೆ ಕಟ್ಟುವವರನ್ನು ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ. ವಾಟ್ಸಾಪ್‌ನಲ್ಲಿ ಮೊಮ್ಮಗನ ವಿಡಿಯೋ ಕಳಿಸಲು ಬರುತ್ತದೆ, ಒಂದು ಪಿಡಿಎಫ್ ಏರಿಸಲು ಬರುವುದಿಲ್ಲವಾ?

ಹುಡುಗಾ, ಮೊದಲು ಆ ಪಾಸ್‌ವರ್ಡ್ ವಾಪಸ್ ಕೊಡು. ನಾಳೆ ಏನಾದರೂ ಎಡವಟ್ಟಾದರೆ ಅವರಿಗೂ ಕಷ್ಟ, ನಿನಗೂ ಕಷ್ಟ. ನಾನು ನನ್ನ ಸೀನಿಯರ್‌ಗೆ ಒಂದು ಮಾತು ಹೇಳಿದ್ದೆ, ‘ಸರ್, ಹಳೆ ಟಿಪ್ಪಣಿ ಓದಲು ನನಗೆ ಕಲಿಸಿ, ನಿಮ್ಮ ಲಾಗಿನ್ ಕೆಲಸ ನೀವೇ ಮಾಡಿ, ನಾನು ಪಕ್ಕದಲ್ಲಿ ಕೂರುತ್ತೇನೆ’ ಅಂತ. ಎರಡು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ಒಂದು ದಿನ ಅವರೇ ಕುರ್ಚಿ ಎಳೆದುಕೊಂಡು ಬಂದರು. ಮೌಸ್ ಹಿಡಿದರೆ ಕೈ ನಡುಗುತ್ತಿತ್ತು, ನಾನು ನೋಡದವಳ ಹಾಗೆ ಇದ್ದೆ.

ತೋಟದವನು:
ಸರ್ವೆಯವನಲ್ಲ, ರೈತ. ನಮ್ಮ ತೋಟದಲ್ಲಿಯೂ ಇಬ್ಬರು ಹೀಗೆಯೇ ಕಿತ್ತಾಡಿದರು. ಅಡಿಕೆ ಮರದ ಕೆಳಗೆ ರೋವರ್‌ಗೆ ಸಿಗ್ನಲ್ ಸಿಗಲಿಲ್ಲ, ಹುಡುಗ ಅರ್ಧ ಗಂಟೆ ಆಕಾಶ ನೋಡುತ್ತಾ ನಿಂತ, ಹಿರಿಯರು ನಗುತ್ತಾ ನಿಂತರು. ಅವರಿಗೆ ಅದು ತಮಾಷೆ. ಪಕ್ಕದ ತೋಟದವನು ‘ಅಳೆಯುವವರಿಗೇ ಗೊತ್ತಿಲ್ಲ’ ಅಂತ ಇವತ್ತಿಗೂ ಬೇಲಿ ಹಾಕಲು ಬಿಡುತ್ತಿಲ್ಲ. ದಯವಿಟ್ಟು ನಿಮ್ಮ ವಾದ ಬೈಕ್ ಮೇಲೆ ಬರುವಾಗಲೇ ಮುಗಿಸಿಕೊಂಡು ಬನ್ನಿ ಸ್ವಾಮಿ.

ರೋವರ್ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ತೋಟದವರು ಹೇಳಿದ್ದು ಜಾಸ್ತಿ ನಾಟಿತು, ರೈತರ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ.

ನಿನ್ನೆ ಹೊರಡುವ ಮೊದಲು ಟಿಪ್ಪಣಿ ಹರಡಿ, ಆಣೆ ಲೆಕ್ಕ ಹೀಗಾ ಸರ್ ಅಂತ ಕೇಳಿದೆ. ‘ಯಾರು ಹೇಳಿಕೊಟ್ಟರು?’ ಅಂದರು. ಹೇಳಲಿಲ್ಲ. ಮುಕ್ಕಾಲು ಗಂಟೆ ಕೂರಿಸಿಕೊಂಡು ಪಾಠ ಮಾಡಿದರು, ಅದರಲ್ಲಿ ಕಾಲು ಗಂಟೆ ಈಗಿನ ಹುಡುಗರ ಬಗ್ಗೆ ಬೈಗುಳ. ಹೊಲದಲ್ಲಿ ಮೊದಲು ರೋವರ್ ಇಡಲು ಬಿಟ್ಟರು, ಸಂಶಯ ಬಂದ ಒಂದು ಕಡೆ ಮಾತ್ರ ಸರಪಳಿ ಹಿಡಿದೆವು. ಪಾಸ್‌ವರ್ಡ್ ವಿಷಯ ಎತ್ತಿದೆ ಅಕ್ಕಾ. ‘ಸೋಮವಾರ ನೋಡೋಣ’ ಅಂದಿದ್ದಾರೆ. ಯಾವ ಸೋಮವಾರ ಅಂತ ಹೇಳಿಲ್ಲ.